ಕಣ್ಣಿಗೆ ಸುಣ್ಣ, ಆ್ಯಸಿಡ್ ಬಿದ್ದರೆ: ನಳದ ನೀರಿನಿಂದ ಕಾಂಡಕೋಶ ಕಸಿಯವರೆಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕಣ್ಣನ್ನು ಸುಡುವ ವಸ್ತುಗಳಿಗೆ ಕೊರತೆಯಿಲ್ಲ. ಸೇಡಂ, ವಾಡಿ, ಶಹಾಬಾದ್, ಮಳಖೇಡದ ಸುತ್ತ ಸುಣ್ಣದ ಕಲ್ಲು ಮತ್ತು ಸಿಮೆಂಟಿನ ಕೆಲಸವಿದೆ. ಹುಮನಾಬಾದ್ ಮತ್ತು ಕಡೇಚೂರಿನ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ ಘಟಕಗಳಿವೆ. ಹತ್ತಿ, ತೊಗರಿ ಹೊಲಗಳಲ್ಲಿ ಕೀಟನಾಶಕ ಸಿಂಪಡಣೆ ನಡೆಯುತ್ತದೆ. ಹನಿ ನೀರಾವರಿಯ ಪೈಪು ತೊಳೆಯಲು ತಂದ ಆ್ಯಸಿಡ್ ಹೊಲದ ಕೋಣೆಯಲ್ಲಿ, ಬಚ್ಚಲು ತೊಳೆಯುವ ಆ್ಯಸಿಡ್ ಮನೆಯ ಮೂಲೆಯಲ್ಲಿ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಲೆ-ಅಡಿಕೆ ಮತ್ತು ತಂಬಾಕಿನ ಜೊತೆಗೆ ಅಂಗಿಯ ಕಿಸೆಯಲ್ಲಿ ಸುಣ್ಣದ ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್ ಇರುತ್ತದೆ. ಮಕ್ಕಳು ಅದನ್ನು ಹಿಸುಕಿ ಆಡುವಾಗ ಪ್ಯಾಕೆಟ್ ಒಡೆದು ಸುಣ್ಣ ನೇರವಾಗಿ ಕಣ್ಣಿಗೆ ಸಿಡಿಯುತ್ತದೆ. ಇದು ಭಾರತದ ಕಣ್ಣಿನ ವೈದ್ಯರು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಎಚ್ಚರಿಸಿ ಬರೆಯುವಷ್ಟು ಸಾಮಾನ್ಯವಾದ ಅಪಘಾತ.

ಹೀಗೆ ಸುಟ್ಟ ಕಣ್ಣಿಗೆ ಕಾಂಡಕೋಶಗಳನ್ನು, ಅಂದರೆ ಎಲ್ಲರೂ ಸ್ಟೆಮ್ ಸೆಲ್ ಎನ್ನುವ ಜೀವಕೋಶಗಳನ್ನು, ಕಸಿ ಮಾಡಿ ದೃಷ್ಟಿಯನ್ನು ಮರಳಿ ತರುವ ಚಿಕಿತ್ಸೆ ಇಂದು ನಿಜವಾಗಿಯೂ ಇದೆ. ಅದರಲ್ಲಿ ಬಹು ಮುಖ್ಯವಾದ ಒಂದು ವಿಧಾನ ರೂಪುಗೊಂಡದ್ದು ನಮಗೆ ಹತ್ತಿರದ ಹೈದರಾಬಾದಿನಲ್ಲೇ. ಆದರೆ ಆ ಚಿಕಿತ್ಸೆ ಎಷ್ಟು ಫಲ ಕೊಡುತ್ತದೆ ಎಂಬುದು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಿದೆವು, ಅನಂತರದ ಕೆಲವು ತಿಂಗಳು ಎಷ್ಟು ತಾಳ್ಮೆಯಿಂದ ನಡೆದುಕೊಂಡೆವು ಎಂಬುದನ್ನೇ ಅವಲಂಬಿಸಿದೆ. ಆದ್ದರಿಂದ ಈ ಮಾರ್ಗದರ್ಶಿಯು ಆಪರೇಷನ್ ಕೋಣೆಯಿಂದಲ್ಲ, ಮನೆಯ ನಳದಿಂದ ಆರಂಭವಾಗುತ್ತದೆ.

ಕರಿಗುಡ್ಡೆಯ ಅಂಚನ್ನು ಅರಿಯಿರಿ

ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನಂತೆ ಪಾರದರ್ಶಕವಾಗಿರುವ ಪಟಲವೇ ಕಾರ್ನಿಯಾ. ಅದರ ಮೇಲ್ಪದರದ ಕೋಶಗಳು ದಿನವೂ ಉದುರುತ್ತವೆ, ಒಂದು ವಾರದಿಂದ ಹತ್ತು ದಿನಗಳೊಳಗೆ ಆ ಪದರ ಹೊಸದಾಗುತ್ತದೆ. ಹೊಸ ಕೋಶಗಳನ್ನು ಒದಗಿಸುವವು ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಸೇರುವ ಕಿರಿದಾದ ವರ್ತುಲದಲ್ಲಿ ನೆಲೆಸಿರುವ ಕಾಂಡಕೋಶಗಳು. ಆ ವರ್ತುಲಕ್ಕೆ ಲಿಂಬಸ್ ಎಂದು ಹೆಸರು. ಭತ್ತದ ಗದ್ದೆಗೆ ಸಸಿಮಡಿ ಹೇಗೋ ಕಾರ್ನಿಯಾಕ್ಕೆ ಲಿಂಬಸ್ ಹಾಗೆ: ಮಡಿಯೇ ಸುಟ್ಟುಹೋದರೆ ಗದ್ದೆಯಲ್ಲಿ ನೆಡಲು ಸಸಿ ಇರುವುದಿಲ್ಲ.

ಲಿಂಬಸ್ಸಿಗೆ ಇನ್ನೊಂದು ಕೆಲಸವೂ ಇದೆ. ಬಿಳಿಗುಡ್ಡೆಯ ಮೇಲಿನ ತೆಳುಪೊರೆ ಮತ್ತು ಅದರ ರಕ್ತನಾಳಗಳು ಕಾರ್ನಿಯಾದ ಮೇಲೆ ಹಬ್ಬದಂತೆ ಅದು ತಡೆದು ನಿಲ್ಲಿಸುತ್ತದೆ. ಕಾಂಡಕೋಶಗಳು ಸತ್ತಾಗ ಈ ತಡೆ ಮುರಿದು, ಆ ಪೊರೆ ರಕ್ತನಾಳಗಳ ಸಮೇತ ಕರಿಗುಡ್ಡೆಯನ್ನು ಏರುತ್ತದೆ. ಗಾಯ ಮಾಯದೆ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ, ಕಣ್ಣು ಸದಾ ಕೆಂಪಾಗಿ ನೀರು ಸುರಿಸುತ್ತದೆ, ಬೆಳಕು ಚುಚ್ಚುತ್ತದೆ, ದೃಷ್ಟಿ ಮಂಜಾಗುತ್ತದೆ. ವೈದ್ಯರು ಇದನ್ನು ಲಿಂಬಲ್ ಕಾಂಡಕೋಶಗಳ ಕೊರತೆ ಎಂದು ಕರೆಯುತ್ತಾರೆ. ಊರಿನ ಮಾತಿನಲ್ಲಿ ಇದಕ್ಕೂ 'ಹೂ ಬಿದ್ದಿದೆ' ಎಂದೇ ಹೇಳುವುದುಂಟು. ಆದರೆ ಸಾಮಾನ್ಯ ಹುಣ್ಣಿನಿಂದ ಬಿದ್ದ ಹೂವಿಗೂ ಇದಕ್ಕೂ ಚಿಕಿತ್ಸೆ ಬೇರೆ ಬೇರೆ.

ಮೊದಲ ಹೆಜ್ಜೆ: ಬಿದ್ದ ಕ್ಷಣವೇ ತೊಳೆಯಿರಿ

ಸುಣ್ಣ, ಸಿಮೆಂಟ್, ಕಾಸ್ಟಿಕ್ ಸೋಡಾ, ಅಮೋನಿಯದಂಥ ಕ್ಷಾರಗಳು ಆ್ಯಸಿಡ್‌ಗಿಂತ ಹೆಚ್ಚು ಅಪಾಯಕಾರಿ. ಆ್ಯಸಿಡ್ ಮುಟ್ಟಿದಲ್ಲಿ ಪ್ರೋಟೀನು ಹೆಪ್ಪುಗಟ್ಟಿ, ಆ ಹೆಪ್ಪೇ ಬಹಳಷ್ಟು ಸಲ ಆ್ಯಸಿಡ್ ಇನ್ನೂ ಒಳಗಿಳಿಯದಂತೆ ತಡೆಯುತ್ತದೆ. ಕ್ಷಾರವಾದರೋ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬನ್ನು ಸಾಬೂನಾಗಿ ಕರಗಿಸುತ್ತ ಕಣ್ಣಿನ ಒಳಭಾಗದವರೆಗೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಆಸ್ಪತ್ರೆಗೆ ಓಡುವುದಕ್ಕಿಂತ ಮೊದಲು, ನಿಂತ ಜಾಗದಲ್ಲೇ ನೀರು ಹಾಕಬೇಕು. ನಮ್ಮ ಹಳ್ಳಿಗಳಿಂದ ತಾಲ್ಲೂಕು ಆಸ್ಪತ್ರೆಗೆ ತಲುಪಲು ಮುಕ್ಕಾಲು ಗಂಟೆಯಾಗುವುದು ಸಾಮಾನ್ಯ. ಆ ಮುಕ್ಕಾಲು ಗಂಟೆ ಸುಣ್ಣ ಕಣ್ಣಿನಲ್ಲೇ ಉಳಿದರೆ ಯಾವ ದೊಡ್ಡ ಆಸ್ಪತ್ರೆಯೂ ಆ ನಷ್ಟವನ್ನು ಪೂರ್ತಿ ತುಂಬಿಕೊಡಲಾರದು.

ನೀರು ಯಾವುದು ಎಂಬ ಚರ್ಚೆಗೆ ಸಮಯ ಕಳೆಯಬೇಡಿ. ನಳದ ನೀರು, ಬೋರಿನ ನೀರು, ಕೊಡದ ಕುಡಿಯುವ ನೀರು, ಅಂಗಡಿಯ ಬಾಟಲಿ ನೀರು, ಕಣ್ಣೆದುರು ಯಾವ ಸ್ವಚ್ಛ ನೀರಿದ್ದರೂ ಆದೀತು. ಗಾಯಗೊಂಡ ಕಣ್ಣು ಕೆಳಗಿರುವಂತೆ ತಲೆಯನ್ನು ಒಂದು ಬದಿಗೆ ವಾಲಿಸಿ, ಇಲ್ಲವಾದರೆ ತೊಳೆದ ನೀರು ಒಳ್ಳೆಯ ಕಣ್ಣಿಗೆ ಹರಿಯುತ್ತದೆ. ನೋವಿಗೆ ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುವುದು ಸಹಜ. ಆದ್ದರಿಂದ ಒಬ್ಬರು ಎರಡು ಬೆರಳಿನಿಂದ ಮೇಲಿನ ಮತ್ತು ಕೆಳಗಿನ ರೆಪ್ಪೆಗಳನ್ನು ಬಿಡಿಸಿ ಹಿಡಿಯಬೇಕು, ಇನ್ನೊಬ್ಬರು ತಂಬಿಗೆಯಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಧಾರೆ ಕಡಿಯದಂತೆ ನೀರು ಸುರಿಯಬೇಕು. ಗಾಯಾಳು ಕಣ್ಣನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೊರಳಿಸುತ್ತಿರಬೇಕು. ಮಗುವಾದರೆ ಕೈಗಳು ಒಳಗಿರುವಂತೆ ಚಾದರಿನಲ್ಲಿ ಸುತ್ತಿ ಮಲಗಿಸಿ ತೊಳೆಯಿರಿ. ಅತ್ತರೂ ನಿಲ್ಲಿಸಬೇಡಿ. ಕನಿಷ್ಠ ಅರ್ಧ ಗಂಟೆ ಇದು ಸತತವಾಗಿ ನಡೆಯಬೇಕು. ಅರ್ಧ ಗಂಟೆ ಎಂದರೆ ನಾವು ಊಹಿಸುವುದಕ್ಕಿಂತ ಬಹಳ ದೀರ್ಘ. ಗಡಿಯಾರ ನೋಡಿಕೊಂಡೇ ಮಾಡಿ. ಸಾಧ್ಯವಾದರೆ ಆಸ್ಪತ್ರೆಗೆ ಹೋಗುವ ವಾಹನದಲ್ಲೂ ಬಾಟಲಿ ನೀರಿನಿಂದ ತೊಳೆಯುವುದನ್ನು ಮುಂದುವರಿಸಿ.

ಸುಟ್ಟ ಸುಣ್ಣದ ಒಣ ಪುಡಿ ಅಥವಾ ಸಿಮೆಂಟ್ ಮುಖದ ತುಂಬ ಬಿದ್ದಿದ್ದರೆ, ಮೊದಲು ಒಣ ಬಟ್ಟೆಯಿಂದ ರೆಪ್ಪೆ ಮತ್ತು ಹುಬ್ಬಿನ ಮೇಲಿನ ಪುಡಿಯನ್ನು ಬೇಗನೆ ಕೊಡವಿ, ತಕ್ಷಣ ಧಾರಾಳವಾಗಿ ನೀರು ಹಾಕಿ. ಸುಣ್ಣಕ್ಕೆ ನೀರು ತಾಕಿದರೆ ಕುದಿಯುತ್ತದೆ ಎಂದು ಹೆದರಿ ನೀರನ್ನೇ ಹಾಕದೆ ಕೂರುವವರಿದ್ದಾರೆ. ಪ್ಯಾಕೆಟ್ಟಿನ ಸುಣ್ಣ ಆಗಲೇ ನೀರು ಕುಡಿದು ಅರಳಿದ ಸುಣ್ಣ, ಅದು ಕುದಿಯುವುದಿಲ್ಲ. ಸುಡುವ ಸುಣ್ಣಕ್ಕಾದರೂ ಸ್ವಲ್ಪ ನೀರೇ ಅಪಾಯ, ಹೇರಳ ನೀರು ಬಿಸಿಯನ್ನೂ ಸುಣ್ಣವನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ.

ತಾಯಿಯ ಹಾಲು, ಹರಳೆಣ್ಣೆ, ತುಪ್ಪ, ಜೇನುತುಪ್ಪ, ಗುಲಾಬಿ ಜಲ, ಯಾವುದನ್ನೂ ಹಾಕಬೇಡಿ. ಸುಣ್ಣ ಬಿದ್ದಿದೆಯೆಂದು ನಿಂಬೆರಸ, ಆ್ಯಸಿಡ್ ಬಿದ್ದಿದೆಯೆಂದು ಸೋಡಾಪುಡಿ ಹಾಕುವುದು ಇನ್ನೂ ಕೆಟ್ಟದ್ದು. ಒಂದು ಸುಟ್ಟದ್ದರ ಮೇಲೆ ಇನ್ನೊಂದು ಸುಟ್ಟಂತಾಗುತ್ತದೆ. ಕಣ್ಣು ಉಜ್ಜಬಾರದು, ಬಿಗಿಯಾಗಿ ಪಟ್ಟಿ ಕಟ್ಟಬಾರದು.

ಎರಡನೆಯ ಹೆಜ್ಜೆ: ಹತ್ತಿರದ ಆಸ್ಪತ್ರೆಯಲ್ಲಿ ಇವಿಷ್ಟನ್ನು ಕೇಳಿ ಮಾಡಿಸಿಕೊಳ್ಳಿ

ಪ್ರಾಥಮಿಕ ಆರೋಗ್ಯ ಕೇಂದ್ರವಾಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಮೊದಲು ಸಿಗುವುದಕ್ಕೆ ಹೋಗಿ. 108 ಆಂಬ್ಯುಲೆನ್ಸ್ ಕರೆಯಬಹುದು. ಬಿದ್ದ ವಸ್ತುವಿನ ಬಾಟಲಿ, ಪ್ಯಾಕೆಟ್ ಅಥವಾ ಅದರ ಲೇಬಲ್ಲಿನ ಫೋಟೊ ಜೊತೆಗಿರಲಿ. ಎಷ್ಟು ಗಂಟೆಗೆ ಬಿತ್ತು, ಎಷ್ಟು ಹೊತ್ತು ತೊಳೆದಿರಿ ಎಂಬುದನ್ನು ಮೊದಲೇ ಹೇಳಿ. ಅಲ್ಲಿ ಕಣ್ಣಿನ ತಜ್ಞರು ಇಲ್ಲದಿದ್ದರೂ ಎರಡು ಕೆಲಸ ಆಗಲೇಬೇಕು. ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಿ, ಡ್ರಿಪ್ಪಿನ ನಳಿಕೆಯಿಂದ ಕಣ್ಣನ್ನು ಮತ್ತೆ ತೊಳೆಯುವುದು ಒಂದು. ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಮಟ್ಟವನ್ನು, ತೋರಿಸುವ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯ ಒಳಗೆ ಮುಟ್ಟಿಸಿ, ಅದು 7ರ ಆಸುಪಾಸಿಗೆ ಬಂದಿದೆಯೇ ಎಂದು ನೋಡುವುದು ಇನ್ನೊಂದು. ತೊಳೆದು ನಿಲ್ಲಿಸಿದ ಐದು-ಹತ್ತು ನಿಮಿಷಗಳ ಬಳಿಕ ಪಟ್ಟಿಯನ್ನು ಮತ್ತೊಮ್ಮೆ ಮುಟ್ಟಿಸಬೇಕು, ಏಕೆಂದರೆ ಒಳಗೆ ಅಡಗಿದ ಸುಣ್ಣ ನಿಧಾನವಾಗಿ ಕರಗುತ್ತ ಪಿಎಚ್ ಅನ್ನು ಪುನಃ ಏರಿಸುತ್ತದೆ.

ಸುಣ್ಣದ ಗಾಯದಲ್ಲಿ ಎಲ್ಲರ ಕಣ್ಣು ತಪ್ಪಿಸುವ ಜಾಗವೆಂದರೆ ಮೇಲಿನ ರೆಪ್ಪೆಯ ಒಳಭಾಗ. ಹೊರಗಿನಿಂದ ನೋಡಿದರೆ ಕಣ್ಣು ಸ್ವಚ್ಛವಾಗಿ ಕಾಣುತ್ತದೆ. ನೋವು ಮರೆಸುವ ಹನಿ ಹಾಕಿ, ಮೇಲಿನ ರೆಪ್ಪೆಯನ್ನು ಹೊರಳಿಸಿ, ಆ ಹೊರಳಿಸಿದ ರೆಪ್ಪೆಯನ್ನೂ ಎತ್ತಿ ಅದರ ಹಿಂದಿನ ಮಡಿಕೆಯನ್ನು ನೋಡಿದಾಗ, ಅಲ್ಲಿ ಬೆಣ್ಣೆಯ ಬಣ್ಣದ ಅಂಟಾದ ತುಣುಕುಗಳು ಕಚ್ಚಿಕೊಂಡು ಕುಳಿತಿರುತ್ತವೆ. ಒದ್ದೆ ಹತ್ತಿಯ ಕಡ್ಡಿಯಿಂದ ಒಂದೊಂದಾಗಿ ಒರೆಸಿ ತೆಗೆಯಬೇಕು, ತೆಗೆದು ಮತ್ತೆ ತೊಳೆಯಬೇಕು. ಮಕ್ಕಳಿಗೆ ಇದನ್ನು ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕಾಗಬಹುದು. ಅಂಥ ಮಾತು ಬಂದರೆ ಹಿಂಜರಿಯಬೇಡಿ. 'ಮೇಲಿನ ರೆಪ್ಪೆ ಮಗುಚಿ ನೋಡಿದಿರಾ ಡಾಕ್ಟರ್ ಸಾಹೇಬರೇ?' ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಮೋಸದ ಲಕ್ಷಣವನ್ನು ಇಲ್ಲೇ ಹೇಳಿಬಿಡಬೇಕು. ಕಣ್ಣು ಕೆಂಡದಂತೆ ಕೆಂಪಾದರೆ ಮನೆಯವರು ಹೆದರುತ್ತಾರೆ, ಬೆಳ್ಳಗಿದ್ದರೆ ಸಮಾಧಾನಪಡುತ್ತಾರೆ. ರಾಸಾಯನಿಕದ ಗಾಯದಲ್ಲಿ ಇದು ತಿರುಗುಮುರುಗು. ಕರಿಗುಡ್ಡೆಯ ಅಂಚಿನ ರಕ್ತನಾಳಗಳೇ ಸುಟ್ಟುಹೋದಾಗ ಆ ಜಾಗ ಕೆಂಪಾಗಲು ರಕ್ತವೇ ಇರುವುದಿಲ್ಲ, ಕಣ್ಣು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಅಂಥ ಕಣ್ಣನ್ನು ಅದೇ ದಿನ ಕಾರ್ನಿಯಾ ತಜ್ಞರಿಗೆ ತೋರಿಸಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ನೇತ್ರ ವಿಭಾಗಗಳಿಂದ ರೆಫರಲ್ ಚೀಟಿ ಪಡೆದು ಮುಂದೆ ಹೋಗುವುದು ಅನುಕೂಲ.

ತಜ್ಞರು ಗಾಯವನ್ನು ಗಡಿಯಾರದ ಲೆಕ್ಕದಲ್ಲಿ ಅಳೆಯುತ್ತಾರೆ. 2001ರಲ್ಲಿ ಹರ್ಮಿಂದರ್ ದುವಾ ಮತ್ತು ಸಂಗಡಿಗರು ರೂಪಿಸಿದ ವರ್ಗೀಕರಣದಲ್ಲಿ ಲಿಂಬಸ್ಸನ್ನು ಹನ್ನೆರಡು ಗಂಟೆಗಳಾಗಿ ಭಾಗಿಸಲಾಗುತ್ತದೆ. ಲಿಂಬಸ್ ಸ್ವಲ್ಪವೂ ಸುಡದಿದ್ದರೆ ಮೊದಲ ದರ್ಜೆ, ಮೂರು ಗಂಟೆಯವರೆಗೆ ಸುಟ್ಟಿದ್ದರೆ ಎರಡನೆಯದು, ಆರರವರೆಗೆ ಮೂರನೆಯದು, ಒಂಬತ್ತರವರೆಗೆ ನಾಲ್ಕನೆಯದು, ಹನ್ನೆರಡಕ್ಕಿಂತ ಕಡಿಮೆಯಾದರೆ ಐದನೆಯದು, ಪೂರ್ತಿ ಸುತ್ತು ಸುಟ್ಟಿದ್ದರೆ ಆರನೆಯದು. ನಿಮ್ಮ ಚೀಟಿಯಲ್ಲಿ ಈ ಸಂಖ್ಯೆ ಬರೆದಿರಲಿ. ಮುಂದೆ ಕಾಂಡಕೋಶ ಕಸಿ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಮೊದಲ ಸುಳಿವು ಅದೇ.

ಮೂರನೆಯ ಹೆಜ್ಜೆ: ಮೊದಲ ಆರು ವಾರ

ಈ ಅವಧಿಯ ಉದ್ದೇಶ ಒಂದೇ: ಉಳಿದಿರುವ ಕಾಂಡಕೋಶಗಳನ್ನು ಉರಿಯೂತದಿಂದ ಕಾಪಾಡುವುದು. ಸ್ಟೀರಾಯ್ಡ್ ಹನಿ, ಆ್ಯಂಟಿಬಯೋಟಿಕ್ ಹನಿ, ಪಾಪೆ ಅರಳಿಸುವ ಹನಿ, ಸಂರಕ್ಷಕ ಬೆರೆಸದ ಕೃತಕ ಕಣ್ಣೀರು, ವಿಟಮಿನ್ ಸಿ, ಅಗತ್ಯವಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಲಾಗುತ್ತದೆ. ಡಾಕ್ಸಿಸೈಕ್ಲಿನ್ ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ, ಗರ್ಭಿಣಿಯಾಗಿದ್ದರೆ ತಪ್ಪದೆ ತಿಳಿಸಿ. ಸ್ಟೀರಾಯ್ಡ್ ಹನಿಯ ವಿಷಯದಲ್ಲಿ ಎಚ್ಚರ ಅಗತ್ಯ. ಮೊದಲ ವಾರ, ಹತ್ತು ದಿನ ಅದು ಕಣ್ಣನ್ನು ಉಳಿಸುತ್ತದೆ. ಗಾಯ ಮಾಯದೆ ಇರುವಾಗ ಅದನ್ನೇ ಮೇಲ್ವಿಚಾರಣೆಯಿಲ್ಲದೆ ಮುಂದುವರಿಸಿದರೆ ಕಾರ್ನಿಯಾ ಕರಗಿ ತೂತಾಗುವ ಸಂಭವವಿದೆ, ಕಣ್ಣಿನ ಒತ್ತಡವೂ ಏರುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಮತ್ತೆ ಮತ್ತೆ ತರುವುದು ಸಲ್ಲದು. ನೋವು ಮರೆಸುವ ಅರಿವಳಿಕೆ ಹನಿಯನ್ನಂತೂ ಮನೆಯಲ್ಲಿ ಎಂದೂ ಬಳಸಬಾರದು, ಅದು ಗಾಯ ಮಾಯುವುದನ್ನೇ ನಿಲ್ಲಿಸುತ್ತದೆ.

ಗಾಯ ದೊಡ್ಡದಿದ್ದರೆ ಮೊದಲ ಕೆಲವು ದಿನಗಳಲ್ಲೇ ಆಮ್ನಿಯಾಟಿಕ್ ಪೊರೆಯನ್ನು ಕಣ್ಣಿಗೆ ಹೊದಿಸುವುದುಂಟು. ಸಿಸೇರಿಯನ್ ಹೆರಿಗೆಯಾದ ತಾಯಂದಿರ ಒಪ್ಪಿಗೆ ಪಡೆದು, ಮಾಸಿನಿಂದ ಬೇರ್ಪಡಿಸಿ, ಸೋಂಕಿನ ಪರೀಕ್ಷೆ ಮಾಡಿ ಕಾಪಿಟ್ಟ ತೆಳುಪೊರೆ ಇದು. ಉರಿಯೂತವನ್ನು ತಗ್ಗಿಸಿ ಹೊಸ ಕೋಶಗಳು ಹಬ್ಬಲು ಹಾಸಾಗುತ್ತದೆ. ಇದು ಕಾಂಡಕೋಶ ಕಸಿಯಲ್ಲ, ಎರಡನ್ನೂ ಒಂದೆಂದು ತಿಳಿದು 'ಸ್ಟೆಮ್ ಸೆಲ್ ಹಾಕಿಸಿದ್ದೇವೆ, ಫಲ ಬರಲಿಲ್ಲ' ಎಂದು ಚಿಕಿತ್ಸೆಯನ್ನೇ ಕೈಬಿಟ್ಟ ಮನೆಗಳಿವೆ. ಡಿಸ್ಚಾರ್ಜ್ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕಾಯುವುದು, ಸಿದ್ಧಪಡಿಸುವುದು

ಕಾಂಡಕೋಶ ಕಸಿಯನ್ನು ಉರಿಯುತ್ತಿರುವ ಕಣ್ಣಿಗೆ ಮಾಡುವುದಿಲ್ಲ. ಹೊಸ ಕೋಶಗಳೂ ಆ ಉರಿಯೂತದಲ್ಲೇ ಸಾಯುತ್ತವೆ. ಸಾಮಾನ್ಯವಾಗಿ ಗಾಯವಾಗಿ ಕನಿಷ್ಠ ಮೂರು ತಿಂಗಳು, ಹಲವು ಸಲ ಆರು ತಿಂಗಳಿಗೂ ಹೆಚ್ಚು ಕಾಲ ಕಾದು, ಕಣ್ಣು ಶಾಂತವಾದ ಮೇಲೆಯೇ ವೈದ್ಯರು ದಿನ ಗೊತ್ತುಮಾಡುತ್ತಾರೆ. ಈ ಕಾಯುವಿಕೆಯನ್ನು ಅಲಕ್ಷ್ಯವೆಂದು ತಿಳಿಯಬೇಡಿ.

ಕಾಯುವಾಗ ಸುಮ್ಮನಿರುವುದೂ ಅಲ್ಲ. ರೆಪ್ಪೆ ಗುಡ್ಡೆಗೆ ಅಂಟಿಕೊಂಡಿದ್ದರೆ ಬಿಡಿಸಬೇಕು, ರೆಪ್ಪೆಗೂದಲು ಒಳಮುಖವಾಗಿ ಉಜ್ಜುತ್ತಿದ್ದರೆ ಸರಿಪಡಿಸಬೇಕು, ಕಣ್ಣು ಪೂರ್ತಿ ಮುಚ್ಚದಿದ್ದರೆ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಬೇಕು, ಕಣ್ಣಿನ ಒತ್ತಡ ಹೆಚ್ಚಿದ್ದರೆ ಹತೋಟಿಗೆ ತರಬೇಕು. ಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಯಲ್ಲಿ ಇಟ್ಟು ಕಣ್ಣೀರು ಎಷ್ಟು ಊರುತ್ತದೆಂದು ಅಳೆಯುತ್ತಾರೆ. ಕಣ್ಣೀರೇ ಇಲ್ಲದ ಒಣ ಕಣ್ಣಿನಲ್ಲಿ ಕಸಿ ಬದುಕುವುದು ಕಷ್ಟ. ಫ್ಲೋರೆಸಿನ್ ಎಂಬ ಬಣ್ಣ ಹಾಕಿ ಸ್ಲಿಟ್ ಲ್ಯಾಂಪಿನ ನೀಲಿ ಬೆಳಕಿನಲ್ಲಿ ನೋಡಿದಾಗ, ಆರೋಗ್ಯವಂತ ಮೇಲ್ಪದರ ಬಣ್ಣ ಹಿಡಿಯದೆ ನುಣುಪಾಗಿ ಕಾಣುತ್ತದೆ, ಬಿಳಿಗುಡ್ಡೆಯ ಪೊರೆ ಹಬ್ಬಿದ ಭಾಗ ಮಾತ್ರ ಸುಳಿಸುಳಿಯಾಗಿ ಹಸಿರು ಹಿಡಿಯುತ್ತದೆ. ಎಷ್ಟು ಗಂಟೆಯ ಲಿಂಬಸ್ ಉಳಿದಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಕಾರ್ನಿಯಾ ಪೂರ್ತಿ ಮುಚ್ಚಿಹೋಗಿ ಒಳಗೆ ಕಾಣದಿದ್ದರೆ, ಹಿಂದಿನ ಪರದೆ ಸರಿಯಿದೆಯೇ ಎಂದು ಅಲ್ಟ್ರಾಸೌಂಡ್ ಮೂಲಕ ತಿಳಿಯುತ್ತಾರೆ.

ಭಾಗಶಃ ಮಾತ್ರ ಕೊರತೆಯಿದ್ದು ಪಾಪೆಯ ಎದುರಿನ ಜಾಗ ತಿಳಿಯಾಗಿದ್ದರೆ ಕಸಿಯೇ ಬೇಕಾಗದಿರಬಹುದು. ಎಲ್ಲ ಸುಟ್ಟ ಕಣ್ಣಿಗೂ ಸ್ಟೆಮ್ ಸೆಲ್ ಬೇಕೆಂಬುದು ತಪ್ಪು ತಿಳಿವಳಿಕೆ.

ಐದನೆಯ ಹೆಜ್ಜೆ: ಯಾವ ಕಸಿ ಎಂದು ಅರಿಯುವುದು

ಒಂದು ಕಣ್ಣು ಮಾತ್ರ ಸುಟ್ಟಿದ್ದರೆ ರೋಗಿಯ ಇನ್ನೊಂದು ಕಣ್ಣೇ ದಾನಿ. ತನ್ನದೇ ಅಂಗಾಂಶವಾದ್ದರಿಂದ ದೇಹ ಅದನ್ನು ತಿರಸ್ಕರಿಸುವ ಪ್ರಶ್ನೆಯಿಲ್ಲ. 1989ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಸೆಂಗ್ ಎಂಬ ವೈದ್ಯರು ಒಳ್ಳೆಯ ಕಣ್ಣಿನ ಲಿಂಬಸ್ಸಿನ ದೊಡ್ಡ ತುಂಡುಗಳನ್ನೇ ತೆಗೆದು ಸುಟ್ಟ ಕಣ್ಣಿಗೆ ಕೂರಿಸುವ ವಿಧಾನವನ್ನು ವಿವರಿಸಿದರು. ಅದು ಈಗಲೂ ಬಳಕೆಯಲ್ಲಿದೆ, ಆದರೆ ಒಳ್ಳೆಯ ಕಣ್ಣಿನಿಂದ ಹೆಚ್ಚು ಅಂಗಾಂಶ ಬೇಕು ಎಂಬುದು ಅದರ ಕೊರತೆ. 1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಸಂಗಡಿಗರು ಚಿಕ್ಕ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹಾಳೆಯಾಗಿ ಮಾಡಿ ಕಸಿ ಮಾಡಿದರು. ಅದೇ ದಾರಿಯಲ್ಲಿ ಸಾಗಿದ ತಂಡ 2010ರಲ್ಲಿ 112 ರೋಗಿಗಳ ಫಲಿತಾಂಶ ಪ್ರಕಟಿಸಿತು, ಅದರಲ್ಲಿ ಶೇ. 76.6ರಷ್ಟು ಕಣ್ಣುಗಳ ಮೇಲ್ಪದರ ಶಾಶ್ವತವಾಗಿ ಸರಿಹೋಗಿತ್ತು. 2015ರಲ್ಲಿ ಹೊಲೊಕ್ಲಾರ್ ಎಂಬ ಹೆಸರಿನಲ್ಲಿ ಐರೋಪ್ಯ ಒಕ್ಕೂಟ ಇದಕ್ಕೆ ಷರತ್ತುಬದ್ಧ ಅನುಮತಿ ನೀಡಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯೂ ಕೋಶ ಬೆಳೆಸಿ ಕಸಿ ಮಾಡಿದ 200 ರೋಗಿಗಳ ವಿವರವನ್ನು 2011ರಲ್ಲಿ ಪ್ರಕಟಿಸಿತು, ಯಶಸ್ಸು ಶೇ. 71. ಆದರೆ ಕೋಶ ಬೆಳೆಸುವ ಪ್ರಯೋಗಾಲಯ ಅತ್ಯಂತ ದುಬಾರಿ.

ಆ ಖರ್ಚನ್ನು ದಾಟಿದ್ದು ಅದೇ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದ ಸ್ಲೆಟ್, ಅಂದರೆ ಸರಳ ಲಿಂಬಲ್ ಕೋಶ ಕಸಿ, ಎಂಬ ವಿಧಾನ. ಒಳ್ಳೆಯ ಕಣ್ಣಿನ ಲಿಂಬಸ್ಸಿನಿಂದ ಸುಮಾರು ಎರಡು ಮಿಲಿಮೀಟರ್ ಉದ್ದ, ಎರಡು ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಸುಟ್ಟ ಕಣ್ಣಿನ ಮೇಲೆ ಹಬ್ಬಿದ ಪೊರೆಯನ್ನು ಬಿಡಿಸಿ ತೆಗೆದು, ಅಲ್ಲಿ ಆಮ್ನಿಯಾಟಿಕ್ ಪೊರೆಯನ್ನು ಫೈಬ್ರಿನ್ ಅಂಟಿನಿಂದ ಹಾಸುತ್ತಾರೆ. ತೆಗೆದ ತುಣುಕನ್ನು ಎಂಟು-ಹತ್ತು ಚೂರು ಮಾಡಿ, ಪಾಪೆಯ ಎದುರಿನ ಜಾಗವನ್ನು ಬಿಟ್ಟು, ಸುತ್ತಲೂ ವರ್ತುಲವಾಗಿ ಅದೇ ಅಂಟಿನಿಂದ ಕೂರಿಸುತ್ತಾರೆ. ಮೇಲೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಇಡುತ್ತಾರೆ. ಚೂರುಗಳಿಂದ ಕೋಶಗಳು ಹೊರಟು ಒಂದಕ್ಕೊಂದು ಕೂಡಿಕೊಂಡು, ಕೆಲವು ವಾರಗಳಲ್ಲಿ ಕಾರ್ನಿಯಾವನ್ನು ಮುಚ್ಚುತ್ತವೆ. ಪ್ರಯೋಗಾಲಯ ಬೇಡ, ಒಂದೇ ಸಲದ ಆಪರೇಷನ್ ಸಾಕು. ರೋಗಿಯ ಕಣ್ಣೇ ಕೋಶಗಳನ್ನು ಬೆಳೆಸುವ ಜಾಗ. 2016ರಲ್ಲಿ ಪ್ರಕಟವಾದ ಅವರದೇ 125 ರೋಗಿಗಳ ವರದಿಯಲ್ಲಿ ಶೇ. 76 ಯಶಸ್ಸು ಕಂಡಿತು, ಅವರಲ್ಲಿ 60 ಮಂದಿ ಮಕ್ಕಳು. ಬಡವರ ಕಣ್ಣಿಗೂ ಎಟಕುವಂತೆ ಒಂದು ದೊಡ್ಡ ಚಿಕಿತ್ಸೆಯನ್ನು ಸರಳಗೊಳಿಸಿದ ಈ ಕೆಲಸ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಅದೇ ವರದಿ ಸೋಲಿನ ಕಾರಣಗಳನ್ನೂ ಹೇಳಿದೆ: ಆ್ಯಸಿಡ್‌ನಿಂದಾದ ಗಾಯ, ರೆಪ್ಪೆ ಗುಡ್ಡೆಗೆ ತೀವ್ರವಾಗಿ ಅಂಟಿಕೊಂಡಿರುವುದು, ಕಾರ್ನಿಯಾ ಕಸಿಯನ್ನೂ ಸ್ಲೆಟ್ ಅನ್ನೂ ಒಟ್ಟಿಗೇ ಮಾಡಿರುವುದು, ಆಪರೇಷನ್ ಬಳಿಕ ಚೂರುಗಳು ಕಳಚಿ ಬೀಳುವುದು. ಇದರಲ್ಲಿ ಮೂರನೆಯದು ನಮಗೆ ಮುಖ್ಯ. 'ನೇತ್ರದಾನದಿಂದ ಬಂದ ಕಣ್ಣು ಹಾಕಿಸಿಬಿಡೋಣ' ಎಂಬುದು ಮನೆಯವರ ಮೊದಲ ಆಸೆ. ದಾನಿಯ ಕಾರ್ನಿಯಾದ ಗುಂಡನೆಯ ನಡುಭಾಗದ ಜೊತೆ ಲಿಂಬಸ್ ಬರುವುದಿಲ್ಲ. ಕಾಂಡಕೋಶಗಳಿಲ್ಲದ ಕಣ್ಣಿಗೆ ಅದನ್ನು ಹೊಲಿದರೆ ಕೆಲವು ತಿಂಗಳಲ್ಲಿ ಅದರ ಮೇಲೂ ಪೊರೆ ಹಬ್ಬಿ ದಾನ ವ್ಯರ್ಥವಾಗುತ್ತದೆ. ಮೊದಲು ಕಾಂಡಕೋಶ, ಮೇಲ್ಪದರ ತಿಂಗಳುಗಟ್ಟಲೆ ಸ್ಥಿರವಾಗಿ ನಿಂತ ಮೇಲೆ, ಕಲೆ ಇನ್ನೂ ದೃಷ್ಟಿಗೆ ಅಡ್ಡಬಂದರೆ, ಕಾರ್ನಿಯಾ ಕಸಿ. ಈ ಕ್ರಮವನ್ನು ಅದಲುಬದಲು ಮಾಡಬಾರದು. ಎಷ್ಟೋ ಕಣ್ಣುಗಳಿಗೆ ಎರಡನೆಯದು ಬೇಕಾಗುವುದೇ ಇಲ್ಲ.

ದಾನ ಕೊಡುವ ಕಣ್ಣಿನ ಬಗ್ಗೆ ಮನೆಯವರಿಗೆ ಅಂಜಿಕೆ ಇರುವುದು ನ್ಯಾಯವೇ. ಇರುವ ಒಂದು ಕಣ್ಣನ್ನೂ ಮುಟ್ಟಿಸಬೇಕೇ ಎಂದು ತಾಯಂದಿರು ಕೇಳುತ್ತಾರೆ. ತುಣುಕು ತೆಗೆದ ಜಾಗ ಸಾಮಾನ್ಯವಾಗಿ ಬೇಗ ಮಾಯುತ್ತದೆ, ದೃಷ್ಟಿಗೆ ತೊಂದರೆಯಾಗುವುದಿಲ್ಲ. ಆದರೆ ಅಪಘಾತದ ದಿನ ಆ ಕಣ್ಣಿಗೂ ಒಂದೆರಡು ಹನಿ ಸಿಡಿದಿತ್ತೇ ಎಂಬುದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಹೊರಗೆ ಚೆನ್ನಾಗಿ ಕಾಣುವ ಕಣ್ಣಿನಲ್ಲೂ ಸ್ವಲ್ಪ ಕೊರತೆ ಇದ್ದರೆ ಅದರಿಂದ ತೆಗೆಯುವುದು ತರವಲ್ಲ.

ಎರಡೂ ಕಣ್ಣು ಸುಟ್ಟಿದ್ದರೆ ದಾರಿ ಕಠಿಣ. ತಂದೆ, ತಾಯಿ, ಒಡಹುಟ್ಟಿದವರ ಕಣ್ಣಿನಿಂದ ಅಥವಾ ನೇತ್ರದಾನದಿಂದ ಬಂದ ಕಣ್ಣಿನಿಂದ ಲಿಂಬಸ್ ಪಡೆಯಬಹುದು, ಆದರೆ ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ನುಂಗಬೇಕು, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ರೋಗಿಯ ಕೆನ್ನೆಯ ಒಳಪದರದ ಕೋಶಗಳನ್ನು ಬೆಳೆಸಿ ಹಾಕುವ ವಿಧಾನವನ್ನು ಜಪಾನಿನ ವೈದ್ಯರು 2004ರಲ್ಲಿ ವರದಿ ಮಾಡಿದರು. ಯಾವುದೂ ಸಾಗದಿದ್ದಾಗ ಕೃತಕ ಕಾರ್ನಿಯಾ ಇದೆ. ಹೊಸ ಸಂಶೋಧನೆಗಳಲ್ಲಿ ಎರಡು ಗಮನಾರ್ಹ: ಜಪಾನಿನ ಒಸಾಕಾದ ತಂಡ ಸಾಮಾನ್ಯ ಕೋಶಗಳನ್ನು ಮರುರೂಪಿಸಿ ಪಡೆದ ಕಾಂಡಕೋಶಗಳಿಂದ ಬೆಳೆಸಿದ ಕಾರ್ನಿಯಾ ಹಾಳೆಗಳನ್ನು ನಾಲ್ವರಿಗೆ ಕಸಿ ಮಾಡಿ 2024ರಲ್ಲಿ ವರದಿ ಮಾಡಿತು, ಬಾಸ್ಟನ್ನಿನ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಲಿಂಬಲ್ ಕೋಶಗಳನ್ನು 14 ಮಂದಿಗೆ ಕಸಿ ಮಾಡಿದ ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಿತು. ಇವುಗಳಿಗಾಗಿ ಇಂದಿನ ಚಿಕಿತ್ಸೆಯನ್ನು ಮುಂದೂಡುವ ಅಗತ್ಯವಿಲ್ಲ.

ಸ್ಟೆಮ್ ಸೆಲ್ ಹೆಸರಿನ ವ್ಯಾಪಾರದಿಂದ ದೂರವಿರಿ

ಹೊಟ್ಟೆಯ ಕೊಬ್ಬಿನಿಂದ, ಸೊಂಟದ ಮೂಳೆಯಿಂದ, ಹೊಕ್ಕುಳಬಳ್ಳಿಯಿಂದ ಸ್ಟೆಮ್ ಸೆಲ್ ತೆಗೆದು ಕಣ್ಣಿಗೆ ಇಂಜೆಕ್ಷನ್ ಕೊಡುತ್ತೇವೆ, ಎಲ್ಲ ಕುರುಡೂ ಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಅಮೆರಿಕದ ಫ್ಲಾರಿಡಾದ ಒಂದು ಕ್ಲಿನಿಕ್‌ನಲ್ಲಿ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ತೀವ್ರವಾಗಿ ದೃಷ್ಟಿ ಕಳೆದುಕೊಂಡ ವಿವರ 2017ರಲ್ಲಿ ಪ್ರಕಟವಾಯಿತು. ಅವರ ಕಾಯಿಲೆ ಬೇರೆ, ಪಾಠ ನಮಗೂ ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಇನ್ನೂ ಪ್ರಯೋಗದ ಹಂತದಲ್ಲಿರುವ ಕಾಂಡಕೋಶ ಚಿಕಿತ್ಸೆಯನ್ನು ನೋಂದಾಯಿತ ಕ್ಲಿನಿಕಲ್ ಟ್ರಯಲ್ ಆಗಿ ಮಾತ್ರ ಕೊಡಬಹುದು, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. 'ಕೋಶ ಎಲ್ಲಿಂದ ತೆಗೆಯುತ್ತೀರಿ, ಇದು ಟ್ರಯಲ್ಲೋ ಅಲ್ಲವೋ, ನೋಂದಣಿ ಸಂಖ್ಯೆ ಏನು, ಇಂಥ ಗಾಯಕ್ಕೆ ನೀವೇ ಎಷ್ಟು ಮಂದಿಗೆ ಮಾಡಿದ್ದೀರಿ' ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ.

ಆರನೆಯ ಹೆಜ್ಜೆ: ಆಪರೇಷನ್ ಆದ ಮೇಲೆ

ಮೊದಲ ವಾರಗಳಲ್ಲಿ ಚೂರುಗಳು ಕಳಚದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಮಲಗುವಾಗ ಪ್ಲಾಸ್ಟಿಕ್ ಕವಚ ಕಟ್ಟಿ, ಮಕ್ಕಳಿಗಂತೂ ಹಗಲಿನಲ್ಲೂ ಕಟ್ಟಿ. ಕಣ್ಣಿಗೆ ನೀರು ತಾಕದಂತೆ ಕುತ್ತಿಗೆಯ ಕೆಳಗೆ ಮಾತ್ರ ಸ್ನಾನ ಮಾಡಿಸಿ. ಕಾಂಟ್ಯಾಕ್ಟ್ ಲೆನ್ಸ್ ಬಿದ್ದುಹೋದರೆ ಮನೆಯಲ್ಲಿ ಮತ್ತೆ ಹಾಕದೆ ಆಸ್ಪತ್ರೆಗೆ ಫೋನ್ ಮಾಡಿ. ಸ್ಟೀರಾಯ್ಡ್ ಹನಿಯನ್ನು ವಾರದಿಂದ ವಾರಕ್ಕೆ ಇಳಿಸುತ್ತ ಹೋಗುವ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹಾಕಿದಾಗಲೆಲ್ಲ ಗುರುತು ಮಾಡಿ. ನೋವು ಹೆಚ್ಚಿದರೆ, ಕೀವು ಬಂದರೆ, ದೃಷ್ಟಿ ಒಮ್ಮೆಲೇ ಮಸುಕಾದರೆ, ಕೊಟ್ಟ ತಾರೀಖಿಗೆ ಕಾಯದೆ ಅದೇ ದಿನ ಹೋಗಿ.

ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುವುದರಿಂದ ಹನಿಗಳ ಸಂಗ್ರಹಕ್ಕೂ ಗಮನ ಬೇಕು. ಬಾಟಲಿಯ ಮೇಲೆ ಬರೆದ ಉಷ್ಣತೆಯನ್ನು ಓದಿಸಿಕೊಳ್ಳಿ. ಫ್ರಿಜ್ ಇಲ್ಲದ ಮನೆಯಲ್ಲಿ, ಕೋಣೆಯ ಉಷ್ಣತೆಯಲ್ಲಿಡಬಹುದಾದ ಹನಿಗಳನ್ನು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಖಾಲಿ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿ ಇಡಬಹುದು. ಫ್ರಿಜ್‌ನಲ್ಲೇ ಇಡಬೇಕಾದ ಹನಿಗಳಿಗೆ ಇದು ಸಾಲದು. ಸಿಮೆಂಟ್, ಕಲ್ಲುಪುಡಿ, ಕಣದ ಧೂಳಿನ ಕೆಲಸಕ್ಕೆ ಮರಳುವ ದಿನವನ್ನು ವೈದ್ಯರೇ ಹೇಳಬೇಕು, ಆಗಲೂ ಬದಿ ಮುಚ್ಚಿದ ಕನ್ನಡಕ ಬೇಕು. ಎಂಟು-ಒಂಬತ್ತು ವರ್ಷದೊಳಗಿನ ಮಗುವಾದರೆ ಕಣ್ಣು ತಿಳಿಯಾದರಷ್ಟೇ ಸಾಲದು. ಮುಚ್ಚಿಹೋಗಿದ್ದ ಕಣ್ಣನ್ನು ಮೆದುಳು ಕಡೆಗಣಿಸಲು ಕಲಿತಿರುತ್ತದೆ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ಈ ಕಣ್ಣಿಗೆ ನೋಡುವ ರೂಢಿ ಮಾಡಿಸಬೇಕಾಗುತ್ತದೆ.

ಪ್ರಯಾಣ, ಹಣ, ಕಾಗದಪತ್ರ

ಬೀದರಿನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಸುಮಾರು 145 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 220. ಕಲಬುರಗಿ ಮತ್ತು ಯಾದಗಿರಿಯವರಿಗೆ ವಾಡಿ ಜಂಕ್ಷನ್ ಮೂಲಕ ರೈಲು ಇದೆ. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆಯಿದೆ, ದೂರ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಈ ಚಿಕಿತ್ಸೆಗೆ ತಿಂಗಳುಗಟ್ಟಲೆ ಹೋಗಿಬರಬೇಕಾದ್ದರಿಂದ ದೂರವೂ ಒಂದು ಲೆಕ್ಕವೇ. ಎಲ್.ವಿ. ಪ್ರಸಾದ್ ಸಂಸ್ಥೆಯಲ್ಲಿ ಹಣ ಕೊಡಲಾಗದವರಿಗೆ ಉಚಿತ ಚಿಕಿತ್ಸೆಯ ವ್ಯವಸ್ಥೆಯಿದೆ. ಬಿಪಿಎಲ್ ಪಡಿತರ ಚೀಟಿ, ಆಧಾರ್, ರೆಫರಲ್ ಚೀಟಿ ಜೊತೆಗಿರಲಿ. ಹೊರಡುವ ಮೊದಲು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಅಡಿಯಲ್ಲಿ ಏನು ಸಿಗುತ್ತದೆ ಎಂದು ಕೇಳಿ. ಕಾರ್ಖಾನೆಯ ಕೆಲಸಗಾರರು ಇಎಸ್‌ಐ ಕಾರ್ಡ್ ಇದ್ದರೆ ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆಯಿಂದಲೇ ಆರಂಭಿಸಬೇಕು. ಕೆಲಸದ ವೇಳೆ ಆದ ಗಾಯವೆಂದು ಮೊದಲ ದಿನದ ಚೀಟಿಯಲ್ಲೇ ಬರೆಸಿ, ಗುತ್ತಿಗೆದಾರ ಬೇಡವೆಂದರೂ ಬರೆಸಿ, ಪರಿಹಾರ ಕೇಳುವಾಗ ಆ ಸಾಲು ಬೇಕಾಗುತ್ತದೆ.

ಯಾರಾದರೂ ಬೇಕೆಂದೇ ಆ್ಯಸಿಡ್ ಎರಚಿದ್ದರೆ ಕಾನೂನು ಬೇರೆ ರಕ್ಷಣೆ ಕೊಟ್ಟಿದೆ. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಯಾವ ಆಸ್ಪತ್ರೆಯೂ ತಕ್ಷಣದ ಉಚಿತ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಪೊಲೀಸರು ಬರುವವರೆಗೆ ಕಾಯಿಸುವಂತಿಲ್ಲ. ಸಂತ್ರಸ್ತರ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆ್ಯಸಿಡ್ ದಾಳಿಗೆ ಒಳಗಾದವರನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ, ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಕ್ರಮದಲ್ಲಿ ಇಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕಸಿಯಾದ ದಿನದ ಡಿಸ್ಚಾರ್ಜ್ ಚೀಟಿಯಲ್ಲಿ ಒಳ್ಳೆಯ ಕಣ್ಣಿನ ಎಷ್ಟನೆಯ ಗಂಟೆಯ ಜಾಗದಿಂದ ತುಣುಕು ತೆಗೆದರು ಎಂಬುದನ್ನು ಬರೆಸಿಕೊಳ್ಳಿ. ಮೊದಲ ಸ್ಲೆಟ್ ವಿಫಲವಾದರೆ ಎರಡನೆಯ ಸಲ ಮಾಡುವುದು ಹಲವರಲ್ಲಿ ಸಾಧ್ಯವಿದೆ. ಆಗ ಬೇರೆ ಊರಿನ ಬೇರೆ ವೈದ್ಯರ ಮುಂದೆ ಕುಳಿತರೂ, ಮುಟ್ಟದ ಜಾಗ ಯಾವುದೆಂದು ಅವರು ಆ ಚೀಟಿಯಿಂದಲೇ ತಿಳಿಯುತ್ತಾರೆ.